ನಳಿಗೆಯೂ ಕೋವಿಯೇ: ಲೇತ್ ನಡೆಸುವವರು ತಿಳಿದಿರಲೇಬೇಕಾದ ಒಂದು ಕಾನೂನು

ಹೋದ ಮಳೆಗಾಲದ ಒಂದು ಸಂಜೆ. ಬೇಗೂರಿನ ನಮ್ಮ ಸಣ್ಣ ವರ್ಕ್‌ಶಾಪ್‌ಗೆ ಇಪ್ಪತ್ನಾಲ್ಕು ಇಪ್ಪತ್ತೈದರ ಒಬ್ಬ ಹುಡುಗ ಬಂದ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕೈಯಲ್ಲಿ ಪೇಪರ್ ಸುತ್ತಿದ ಒಂದು ಉಕ್ಕಿನ ರಾಡು. ‘ಅಂಕಲ್, ಫೋನ್ ಮಾಡಿದ್ದೆ. ಇದರ ಮಧ್ಯ ನೀಟಾಗಿ ಬೋರ್ ಮಾಡ್ಕೊಡ್ಬೇಕು. ಡ್ರಾಯಿಂಗ್ ತಂದಿದೀನಿ’ ಅಂದ.

ನಮ್ಮ ಹತ್ತಿರ ಕೆಲಸಕ್ಕಿರುವ ಹುಡುಗನೇ ಫೋನಿನಲ್ಲಿ ‘ಬನ್ನಿ ಸಾರ್, ಮಾಡ್ಕೊಡ್ತೀವಿ’ ಅಂತ ರೇಟು ಕೂಡ ಹೇಳಿಬಿಟ್ಟಿದ್ದ. ಅವನದೇನೂ ತಪ್ಪಿಲ್ಲ. ಬೋರಿಂಗ್, ಥ್ರೆಡ್ಡಿಂಗ್, ಬುಶ್ ಮಾಡುವುದು, ಶಾಫ್ಟ್ ತಿರುಗಿಸುವುದು, ಇವೇ ನಮ್ಮ ದಿನದ ಜಾಬ್‌ಗಳು. ಬೊಮ್ಮನಹಳ್ಳಿ, ಹೊಂಗಸಂದ್ರ, ಬೇಗೂರು ರಸ್ತೆಯಲ್ಲಿ ನಮ್ಮಂಥ ಶೆಡ್ಡುಗಳು ಬೇಕಾದಷ್ಟಿವೆ. ಡ್ರಾಯಿಂಗ್ ತಂದವರನ್ನು ‘ಇದು ಯಾತಕ್ಕೆ?’ ಅಂತ ಕೇಳುವ ರೂಢಿ ನಮ್ಮಲ್ಲಿ ಕಡಿಮೆ. ಕೇಳಿದರೆ ಗಿರಾಕಿ ಪಕ್ಕದ ಶೆಡ್ಡಿಗೆ ಹೋಗುತ್ತಾನೆ.

ಆ ದಿನ ನಾನು ಕೇಳಿದೆ. ಡ್ರಾಯಿಂಗ್‌ನ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ‘ಬ್ಯಾರೆಲ್’ ಅಂತ ಇತ್ತು, ಅದರ ಪಕ್ಕದಲ್ಲಿ 9 ಮಿ.ಮೀ. ‘ಕಾಲೇಜ್ ಪ್ರಾಜೆಕ್ಟ್’ ಅಂದ ಮೊದಲು. ಆಮೇಲೆ ಮೊಬೈಲ್ ತೆಗೆದು ವಿಡಿಯೊ ತೋರಿಸಿದ. ಅಮೆರಿಕದ ಯಾರೋ ಒಬ್ಬ ತನ್ನ ಮನೆಯ ಗ್ಯಾರೇಜಿನಲ್ಲಿ ಪಿಸ್ತೂಲಿನ ಗುಂಡು ಹಾರಿಸುವ ಕಾರ್ಬೈನ್ ಜೋಡಿಸುತ್ತಿದ್ದ. ಯಾವ ಉದ್ದದ ಬ್ಯಾರೆಲ್ ಒಳ್ಳೆಯದು, ಹೇಗೆ ಕೂರಿಸಬೇಕು ಅಂತ ನಮ್ಮ ಮನೆಗಳಲ್ಲಿ ಮಿಕ್ಸಿ ಜಾರು ಬದಲಾಯಿಸುವಷ್ಟೇ ನಿರಾಳವಾಗಿ ವಿವರಿಸುತ್ತಿದ್ದ. ಆಗಲ್ಲಪ್ಪ ಅಂದೆ. ಆಗ ಆ ಹುಡುಗ ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ:

‘ಬರೀ ಪೈಪ್ ತಾನೇ ಅಂಕಲ್? ಗನ್ ಏನೂ ಅಲ್ವಲ್ಲ?’

ಅಮೆರಿಕದ ವಿಡಿಯೊ, ಬೇಗೂರಿನ ಶೆಡ್ಡು

ಆ ಪ್ರಶ್ನೆ ಪೂರ್ತಿ ಪೆದ್ದು ಪ್ರಶ್ನೆಯೇನಲ್ಲ. ಅವನು ನೋಡಿದ ದೇಶದಲ್ಲಿ ಅದಕ್ಕೆ ‘ಹೌದು, ಬರೀ ಪೈಪು’ ಅನ್ನುವುದೇ ಹೆಚ್ಚುಕಡಿಮೆ ಸರಿಯಾದ ಉತ್ತರ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ‘ಕೋವಿ’ ಅಂತ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಅದರ ಮಧ್ಯದ ಚೌಕಟ್ಟು, ಅಂದರೆ ರಿಸೀವರ್. ನಂಬರ್ ಕೆತ್ತುವುದು, ಅಂಗಡಿಯವನು ದಾಖಲೆ ಬರೆದಿಡುವುದು, ಕೊಳ್ಳುವವನ ಹಿನ್ನೆಲೆ ನೋಡುವುದು ಎಲ್ಲ ಆ ಭಾಗಕ್ಕೆ. ನಳಿಗೆ, ಕುದುರೆ, ಹಿಡಿ ಇವು ಬಿಡಿಭಾಗಗಳು. ನಾವು ಬೈಕಿಗೆ ಸೈಲೆನ್ಸರ್ ತರಿಸಿಕೊಳ್ಳುವ ಹಾಗೆ ಅಲ್ಲಿ ಅನೇಕ ಕಡೆ ನಳಿಗೆಯನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದು. ಅಲ್ಲೂ ಮಿತಿ ಇಲ್ಲದಿಲ್ಲ. 1934ರ ಕಾನೂನಿನ ಪ್ರಕಾರ ರೈಫಲಿನ ನಳಿಗೆ 16 ಇಂಚಿಗಿಂತ ಗಿಡ್ಡವಿದ್ದರೆ ಅದನ್ನು ಬೇರೆಯಾಗಿಯೇ ನೋಂದಾಯಿಸಬೇಕು. ಆ ವಿಡಿಯೊಗಳಲ್ಲಿ ಪದೇ ಪದೇ ‘ಹದಿನಾರು ಇಂಚು’ ಅನ್ನುವುದು ಅದಕ್ಕೇ. ಅದು ಇಂಜಿನಿಯರಿಂಗ್ ಲೆಕ್ಕವೇ ಅಲ್ಲ, ಅವರ ಕಾನೂನಿನ ಲೆಕ್ಕ.

ಆದರೆ ಅಟ್ಲಾಂಟಿಕ್ ದಾಟಿದ ಕೂಡಲೇ ಕಥೆ ಬದಲಾಗುತ್ತೆ. ಬ್ರಿಟನ್ನಿನಲ್ಲಿ 1968ರ ಕಾಯ್ದೆಯಡಿ ರೈಫಲು, ಪಿಸ್ತೂಲುಗಳ ನಳಿಗೆಯಂಥ ಮುಖ್ಯ ಭಾಗಗಳಿಗೂ ಕೋವಿಗಿರುವ ನಿರ್ಬಂಧವೇ ಇದೆ. ಯುರೋಪಿಯನ್ ಒಕ್ಕೂಟದ 2021ರ ನಿರ್ದೇಶನ ನಳಿಗೆಯನ್ನು ‘ಅತ್ಯಗತ್ಯ ಭಾಗ’ಗಳ ಪಟ್ಟಿಗೆ ಸೇರಿಸಿದೆ. ನಮ್ಮ ದೇಶವೋ, ಇವರೆಲ್ಲರಿಗಿಂತ ಬಿಗಿ.

ಹುಡುಗರು ಬೆಂಗಳೂರಿನ ರೂಮಿನಲ್ಲಿ ಕೂತು ಒಂದು ದೇಶದ ವಿಡಿಯೊ ನೋಡಿ, ಇನ್ನೊಂದು ದೇಶದ ಲೇತ್ ಹತ್ತಿರ ಬರುತ್ತಾರೆ. ವಿಡಿಯೊ ಮಾಡಿದವನು ‘ನಿಮ್ಮ ಊರಿನ ಕಾನೂನು ನೋಡಿಕೊಳ್ಳಿ’ ಅಂತ ಒಂದು ಸಾಲು ಹೇಳಿ ಮುಂದೆ ಹೋಗಿರುತ್ತಾನೆ. ನಾವು ನೋಡದೆ ಬಿಡೋದು ಆ ಒಂದು ಸಾಲನ್ನೇ.

ನಮ್ಮ ಕಾಯ್ದೆ ಏನು ಹೇಳುತ್ತೆ?

ಆಯುಧ ಕಾಯ್ದೆ ಬಂದದ್ದು 1959ರಲ್ಲಿ. ಅದರ ಕಲಂ 2ರಲ್ಲಿ ‘ಬಂದೂಕು’ ಅಂದರೇನು ಅನ್ನುವ ವಿವರಣೆ ಇದೆ. ಸ್ಫೋಟಕದ ಬಲದಿಂದಲೋ ಬೇರೆ ಶಕ್ತಿಯಿಂದಲೋ ಗುಂಡು ಹಾರಿಸಲಿಕ್ಕೆ ಮಾಡಿದ ಅಥವಾ ಮಾರ್ಪಡಿಸಿದ ಆಯುಧ ಬಂದೂಕು ಅಂತ ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಅಂಥ ಬಂದೂಕಿನ ಬಿಡಿಭಾಗಗಳು ಮತ್ತು ಅದನ್ನು ತಯಾರಿಸುವ ಯಂತ್ರಗಳು ಕೂಡ ‘ಬಂದೂಕು’ ಅನ್ನುವ ಪದದೊಳಗೇ ಬರುತ್ತವೆ ಅನ್ನುತ್ತೆ.

ಇನ್ನೊಮ್ಮೆ ಓದಿ. ಬಿಡಿಭಾಗಗಳು. ತಯಾರಿಸುವ ಯಂತ್ರಗಳು.

ಅಂದರೆ ನೀರಿನ ಪೈಪು ನೀರಿನ ಪೈಪೇ. ಉಕ್ಕಿನ ರಾಡು ರಾಡೇ. ಆದರೆ ಗುಂಡು ಹಾರಿಸುವ ಉದ್ದೇಶಕ್ಕೆ ಅಂತ ಅದನ್ನು ಕೊರೆದ ಕ್ಷಣದಿಂದ, ಹಿಡಿ ಇಲ್ಲದಿರಲಿ, ಕುದುರೆ ಇಲ್ಲದಿರಲಿ, ಒಂದೇ ಒಂದು ತೋಟಾ ಇಲ್ಲದಿರಲಿ, ಕಾನೂನಿನ ಕಣ್ಣಿಗೆ ಅದು ಬಂದೂಕು. ತಿಳಿದೂ ತಿಳಿದೂ ಆ ಕೆಲಸಕ್ಕೆ ಒಡ್ಡಿದ ನನ್ನ ಲೇತ್ ಕೂಡ ಇಪ್ಪತ್ತು ವರ್ಷ ನನಗೆ ಅನ್ನ ಹಾಕಿದ ಯಂತ್ರವಾಗಿ ಉಳಿಯದೆ ಕೇಸಿನ ಸಾಕ್ಷ್ಯವಾಗುತ್ತೆ.

ಕಲಂ 5ರ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ತಯಾರಿಸುವ ಹಾಗಿಲ್ಲ. ಅದೊಂದೇ ಅಲ್ಲ. ಮಾರುವುದು, ಮಾರ್ಪಡಿಸುವುದು, ರಿಪೇರಿ ಮಾಡುವುದು, ಪರೀಕ್ಷಿಸುವುದು ಎಲ್ಲಕ್ಕೂ ಪರವಾನಗಿ ಬೇಕು. ‘ನಾನು ಮಾಡಿದ್ದು ಬರೀ ರಿಪೇರಿ’ ಅನ್ನುವ ಸಮಜಾಯಿಷಿ ಇಲ್ಲಿ ನಿಲ್ಲಲ್ಲ. ಕಲಂ 6 ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪರವಾನಗಿ ಇಲ್ಲದೆ ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡುವುದನ್ನೂ, ಆಟಿಕೆ ಅಥವಾ ನಕಲಿ ಬಂದೂಕನ್ನು ಅಸಲಿ ಮಾಡುವುದನ್ನೂ ಬೇರೆಯಾಗಿಯೇ ನಿಷೇಧಿಸುತ್ತೆ. ಹೊರದೇಶದಿಂದ ನಳಿಗೆ ತರಿಸಿದರೆ? ಅದು ಪರವಾನಗಿ ಇಲ್ಲದೆ ಬಂದೂಕು ಆಮದು ಮಾಡಿದ ಹಾಗೆ, ಕಲಂ 10. ‘ಆನ್‌ಲೈನಲ್ಲಿ ಸಿಗ್ತಿತ್ತು’ ಅನ್ನುವುದು ಉತ್ತರವಾಗಲ್ಲ.

ಶಿಕ್ಷೆ ಎಷ್ಟು? 2019ರ ತಿದ್ದುಪಡಿಗೆ ಮೊದಲು ಅಕ್ರಮ ತಯಾರಿಕೆಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಇತ್ತು. ಆ ವರ್ಷದ ಡಿಸೆಂಬರ್‌ನಿಂದ ಕನಿಷ್ಠವೇ ಏಳು ವರ್ಷ, ಗರಿಷ್ಠ ಜೀವಾವಧಿ. ನಿಷೇಧಿತ ಆಯುಧವಾದರೆ ಕನಿಷ್ಠ ಹತ್ತು ವರ್ಷ.

ಆ ಹುಡುಗನಿಗೆ ಗೊತ್ತೇ ಇರದಿದ್ದ ಸಂಗತಿ ಇದು. ಆಯುಧ ನಿಯಮಗಳ ವರ್ಗಪಟ್ಟಿಯಲ್ಲಿ, ಸೇನೆ ಪೊಲೀಸರು ಬಳಸುವ 9 ಮಿ.ಮೀ. ಗುಂಡನ್ನು ಹಾರಿಸಬಲ್ಲ ಪಿಸ್ತೂಲು, ರಿವಾಲ್ವರ್, ಕಾರ್ಬೈನ್‌ಗಳು ನಿಷೇಧಿತ ವರ್ಗದಲ್ಲಿವೆ. ‘ಕಾರ್ಬೈನ್’ ಅಂತ ಹೆಸರು ಹಿಡಿದೇ ಬರೆದಿದೆ. ಅವನು ಮಾಡಹೊರಟದ್ದು ಸಾಮಾನ್ಯ ನಾಗರಿಕನಿಗೆ ಅರ್ಜಿ ಹಾಕಿದರೂ ಸಿಗದ ವಸ್ತು. ನಾನು ಆ ದಿನ ‘ಆಯ್ತು, ನಾಳೆ ಬಾ’ ಅಂದಿದ್ದರೆ ಒಂದು ಸಾವಿರ ರೂಪಾಯಿ ಮಜೂರಿಗೆ ಮೂರು ಜನ ಹತ್ತು ವರ್ಷದ ಕಲಮಿನ ಕೆಳಗೆ ನಿಲ್ಲಬೇಕಿತ್ತು. ಅವನು, ನಾನು, ಮತ್ತು ಫೋನಿನಲ್ಲಿ ರೇಟು ಹೇಳಿದ ನಮ್ಮ ಹುಡುಗ.

ಕುಕ್ಕರ್ ಲೆಕ್ಕ

ಕಾನೂನು ಬಿಡಿ, ಕೆಲಸಗಾರನಾಗಿ ಮಾತಾಡೋಣ. ‘ಬರೀ ಪೈಪ್ ತಾನೇ’ ಅನ್ನುವುದು ಕೆಲಸದ ಲೆಕ್ಕದಲ್ಲೂ ತಪ್ಪು.

ಮನೆಯ ಪ್ರೆಶರ್ ಕುಕ್ಕರ್ ಸೀಟಿ ಹಾಕುವಾಗ ಅದರೊಳಗೆ ಹೊರಗಿನ ಗಾಳಿಗಿಂತ ಚದರ ಇಂಚಿಗೆ ಸುಮಾರು 15 ಪೌಂಡ್ ಹೆಚ್ಚಿನ ಒತ್ತಡ ಇರುತ್ತೆ. ಅಷ್ಟಕ್ಕೇ ವಾಲ್ವ್ ಕೆಟ್ಟು ಮುಚ್ಚಳ ಹಾರಿದರೆ ಅಡುಗೆಮನೆಯ ತಾರಸಿಗೆ ಗುರುತು ಬೀಳುತ್ತೆ. ಕಾರಿನ ಟೈರಿನಲ್ಲಿ 30ರಿಂದ 35. ಸಾಧಾರಣ ಹನ್ನೆರಡು ಬೋರಿನ ತೋಟಾ ಕೋವಿಯಲ್ಲಿ ಈಡು ಹಾರುವಾಗ ಒತ್ತಡ 11,000ದ ಆಸುಪಾಸಿಗೆ ಏರಬಹುದು. 9 ಮಿ.ಮೀ. ಗುಂಡಿಗೆ ಅಮೆರಿಕದ ತಯಾರಕರ ಸಂಸ್ಥೆ ಇಟ್ಟಿರುವ ಮೇಲ್ಮಿತಿ 35,000. ಅಂದರೆ ಕುಕ್ಕರಿನ ಎರಡು ಸಾವಿರ ಪಟ್ಟಿಗೂ ಜಾಸ್ತಿ. ಅದೂ ನಿಧಾನಕ್ಕೆ ಏರಿ ಸೀಟಿ ಹಾಕಿ ಎಚ್ಚರಿಸುವ ಒತ್ತಡ ಅಲ್ಲ. ಒಂದು ಸೆಕೆಂಡಿನ ಸಾವಿರದ ಒಂದು ಪಾಲಿನಷ್ಟು ಹೊತ್ತಿನಲ್ಲಿ ಏರಿ ಇಳಿದು ಮುಗಿದಿರುತ್ತೆ. ಆ ಹೊತ್ತಿನಲ್ಲಿ ನಿಮ್ಮ ಮುಖ ಅದರಿಂದ ಒಂದು ಗೇಣು ದೂರದಲ್ಲಿರುತ್ತೆ.

ಗುಂಡು ಕೂರುವ ಹಿಂಬದಿಯ ಕೋಣೆ, ಗುಂಡು ಸಾಗುವ ಹಾದಿ, ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರು, ಹಿಂದಿನಿಂದ ಬೀಗ ಹಾಕುವ ಭಾಗ, ಇವೆಲ್ಲ ಒಂದಕ್ಕೊಂದು ಕೂದಲೆಳೆಯ ಅಳತೆಯಲ್ಲಿ ಕೂರಬೇಕು. ಉಕ್ಕು ಯಾವ ಜಾತಿಯದು, ಅದನ್ನು ಹೇಗೆ ಕಾಯಿಸಿ ತಣಿಸಿದ್ದಾರೆ, ಒಳಗೆ ಕಣ್ಣಿಗೆ ಕಾಣದ ಬಿರುಕು ಇದೆಯೋ ಅನ್ನುವುದು ಗೊತ್ತಿರಬೇಕು. ನಮ್ಮ ಶೆಡ್ಡಿಗೆ ಬರುವ ರಾಡಿನ ಜಾತಕ ನಮಗೇ ಎಷ್ಟೋ ಸಲ ಗೊತ್ತಿರಲ್ಲ. ಸ್ಕ್ರ್ಯಾಪಿನವನು ‘ಒಳ್ಳೆ ಮಾಲು ಸಾರ್’ ಅಂದದ್ದೇ ಅದರ ಸರ್ಟಿಫಿಕೇಟು. ಗೇಟಿನ ಬುಶ್ಶಿಗೆ ಅದು ಸಾಕು. ಗುಂಡಿಗೆ ಸಾಲಲ್ಲ.

ಅದಕ್ಕೇ ಕೋವಿ ತಯಾರಿಸುವ ದೇಶಗಳು ‘ಪ್ರೂಫ್’ ಅನ್ನುವ ಪದ್ಧತಿ ಇಟ್ಟುಕೊಂಡಿವೆ. ಮಾಮೂಲಿಗಿಂತ ಜೋರಾದ ಮದ್ದು ತುಂಬಿ, ಯಾರೂ ಹತ್ತಿರ ನಿಲ್ಲದೆ ಹಾರಿಸಿ, ನಳಿಗೆ ತಡೆದುಕೊಂಡರೆ ಅದರ ಮೇಲೆ ಮುದ್ರೆ ಒತ್ತುತ್ತಾರೆ. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕವೇ ಶುರುವಾದದ್ದು. ಇನ್ನೂರು ವರ್ಷದ ಹಿಂದೆಯೇ, ಕಸುಬು ಬಲ್ಲ ಗನ್‌ಸ್ಮಿತ್‌ಗಳ ಊರಿನಲ್ಲೇ, ‘ನಾನು ಚೆನ್ನಾಗಿ ಮಾಡಿದೀನಿ’ ಅನ್ನುವ ಮಾತನ್ನು ನಂಬಿ ನಳಿಗೆ ಮಾರುವ ಹಾಗಿರಲಿಲ್ಲ.

ಕೊಳವೆಯ ಬಲ ಎಂಥ ವ್ಯತ್ಯಾಸ ಮಾಡುತ್ತೆ ಅನ್ನುವುದು ನಮ್ಮ ನೆಲಕ್ಕೆ ಹೊಸ ಪಾಠವೂ ಅಲ್ಲ. ಹೈದರ್, ಟಿಪ್ಪು ಕಾಲದ ಮೈಸೂರು ರಾಕೆಟ್ಟುಗಳು ಇಂಗ್ಲಿಷರನ್ನು ಬೆಚ್ಚಿಬೀಳಿಸಿದ್ದು ಮದ್ದಿನ ಮಂತ್ರದಿಂದಲ್ಲ. ಬೇರೆಯವರು ಕಾಗದದಂಥ ಮೆದು ಕವಚದಲ್ಲಿ ಮದ್ದು ತುಂಬುತ್ತಿದ್ದಾಗ ಇಲ್ಲಿಯವರು ಕಬ್ಬಿಣದ ಕೊಳವೆಯಲ್ಲಿ ಗಿಡಿದು ತುಂಬಿದರು. ಹೆಚ್ಚು ಒತ್ತಡ ತಡೆಯಿತು, ಹೆಚ್ಚು ದೂರ ಹಾರಿತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಅಂಥ ಕೊಳವೆಗಳು ಸಿಕ್ಕವು. ಅವನ್ನು ಮಾಡಿದ್ದು ರಾಜ್ಯದ ಕಾರ್ಖಾನೆಗಳು, ಪಳಗಿದ ಕಮ್ಮಾರರು. ಸಂಜೆ ಹೊತ್ತು ವಿಡಿಯೊ ನೋಡಿ ಬಂದ ಹವ್ಯಾಸಿಗಳಲ್ಲ.

ಇದಕ್ಕೆ ತದ್ವಿರುದ್ಧದ ಪಾಠ 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಸಿಕ್ಕಿತು. ಪ್ಲಾಸ್ಟಿಕ್ ಪೈಪಿನಲ್ಲಿ ಮಾಡಿದ ‘ಕಾರ್ಬೈಡ್ ಗನ್’ ಹಿಡಿದು ನೂರಕ್ಕೂ ಹೆಚ್ಚು ಜನ, ಅದರಲ್ಲಿ ಬಹುಪಾಲು ಮಕ್ಕಳು, ಕಣ್ಣಿಗೆ ಗಾಯ ಮಾಡಿಕೊಂಡು ಆಸ್ಪತ್ರೆ ಸೇರಿದರು. ಅದರಲ್ಲಿ ಗುಂಡೂ ಇರಲಿಲ್ಲ. ಬರೀ ಪೈಪು.

ಚಿಕ್ಕಪ್ಪನ ಎಡಗೈ

ಆ ಸಂಜೆ ನಾನು ಅಷ್ಟು ಗಟ್ಟಿಯಾಗಿ ‘ಆಗಲ್ಲ’ ಅಂದದ್ದಕ್ಕೆ ಕಾನೂನು ಕಾರಣ ಅಲ್ಲ. ನಿಜ ಹೇಳಬೇಕಂದರೆ ಕಲಮುಗಳನ್ನೆಲ್ಲ ನಾನು ಓದಿದ್ದು ಆಮೇಲೆ. ಕಾರಣ ನನ್ನ ಚಿಕ್ಕಪ್ಪನ ಎಡಗೈ.

ನಮ್ಮ ಮೂಲ ತೀರ್ಥಹಳ್ಳಿ ಕಡೆ. ಅಡಿಕೆ, ಒಂದಿಷ್ಟು ಗದ್ದೆ. ಮನೆಯಲ್ಲಿ ಅಜ್ಜನ ಕಾಲದ ಒಂಟಿನಳಿಗೆ ಕೇಪಿನ ಕೋವಿ ಇತ್ತು, ಬೆಳೆ ಕಾಯಲಿಕ್ಕೆ ಅಂತ ಲೈಸೆನ್ಸೂ ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಆ ನಳಿಗೆ ಬುಡದ ಹತ್ತಿರ ತುಕ್ಕು ತಿಂದು ಸಣ್ಣಗೆ ಉಬ್ಬಿತು. ಲೈಸೆನ್ಸ್ ಇರುವ ರಿಪೇರಿಯವನು ಹತ್ತಿರದಲ್ಲಿರಲಿಲ್ಲ. ಬಸ್ಸು ಹತ್ತಿ ದೂರದ ಪೇಟೆಗೆ ಹೋಗಬೇಕು, ಕಾಗದಪತ್ರ ತೋರಿಸಬೇಕು, ವಾರಗಟ್ಟಲೆ ಕಾಯಬೇಕು. ಗದ್ದೆಗೆ ಹಂದಿ ಬರುತ್ತಿದ್ದ ಕಾಲ. ಚಿಕ್ಕಪ್ಪ ಊರಿನ ಕಮ್ಮಾರನ ಹತ್ತಿರ ಕೊಂಡುಹೋದ. ಅವನು ಒಳ್ಳೆಯ ಕೈ, ಕತ್ತಿ ಗುದ್ದಲಿಯಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಉಬ್ಬು ತಟ್ಟಿ, ಬೆಸುಗೆ ಹಾಕಿ, ನುಣುಪು ಮಾಡಿ ಕೊಟ್ಟ. ಹೊಸದರ ಹಾಗೇ ಕಾಣುತ್ತಿತ್ತು. ಮೂರನೆಯ ಈಡಿಗೆ ನಳಿಗೆ ಸೀಳಿತು. ಚಿಕ್ಕಪ್ಪನ ಎಡಗೈಯ ಎರಡು ಬೆರಳು ಹೋದವು. ಕಣ್ಣು ಉಳಿದದ್ದು ಪುಣ್ಯ.

ಆಸ್ಪತ್ರೆಯಲ್ಲಿ ‘ಪಟಾಕಿ’ ಅಂತ ಬರೆಸಿದರು. ಕಮ್ಮಾರನ ಹೆಸರು ಯಾರೂ ಎತ್ತಲಿಲ್ಲ. ಆದರೆ ಅವನು ಆಮೇಲೆ ನಮ್ಮ ಮನೆ ಕಡೆ ಬರಲೇ ಇಲ್ಲ. ಚಿಕ್ಕಪ್ಪನಿಗಿಂತ ಅವನ ಮುಖವೇ ನನಗೆ ಹೆಚ್ಚು ನೆನಪಿರುವುದು. ನಾನೂ ಈಗ ಅವನ ಕಸುಬಿನವನೇ ತಾನೇ.

ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಇಂಥ ಹಳೆಯ ಕೋವಿಗಳಿವೆ. ಕೆಲವು ಹಳೆಯ ಜೋಡುನಳಿಗೆಗಳ ಮೈಮೇಲೆ ಹಾವಿನ ಪೊರೆಯಂಥ ಚಂದದ ಗೆರೆಗಳಿರುತ್ತವೆ. ಅವು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೆಣೆದು, ಸುತ್ತಿ, ಬೆಸೆದು ಮಾಡಿದ ‘ಡಮಾಸ್ಕಸ್’ ನಳಿಗೆಗಳು. ಹಳೆಯ ಕಪ್ಪು ಮದ್ದಿನ ಕಾಲದವು. ಇವತ್ತಿನ ಹೊಗೆರಹಿತ ಮದ್ದಿನ ತೋಟಾ ಅವಕ್ಕೆ ಆಗಿಬರಲ್ಲ. ಬೆಸುಗೆಯ ಸಂದಿನಲ್ಲಿ ನೂರು ವರ್ಷದ ತುಕ್ಕು ಅಡಗಿರುತ್ತೆ. ಚಂದ ಇದೆ ಅಂತ ಹಾರಿಸಬೇಡಿ.

ಕೊಡಗಿನ ಕಥೆ ಬೇರೆ ಅಂತ ಕೆಲವರು ಹೇಳುತ್ತಾರೆ. ಹೌದು, ಬೇರೆಯೇ. ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯ ವಿಚಾರಣೆ ಮುಗಿಸಿ ರಾಜ್ಯ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ, ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು ಗುಂಡು ಹಾರಿಸಿ ತಿಳಿಸುತ್ತಿದ್ದ ನಾಡು ಅದು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳಲಿಕ್ಕೆ ಮತ್ತು ಒಯ್ಯಲಿಕ್ಕೆ. ಹಿತ್ತಿಲಲ್ಲಿ ನಳಿಗೆ ತಯಾರಿಸಲಿಕ್ಕೆ ಕೊಡಗಿನಲ್ಲೂ ಯಾರಿಗೂ ವಿನಾಯಿತಿ ಇಲ್ಲ.

ಗುಂಡಿನ ಮೈಮೇಲಿನ ಗೀರು

‘ಶೋಕಿಗೆ ಮಾಡ್ತೀನಿ, ಯಾರಿಗೂ ತೊಂದರೆ ಇಲ್ಲ’ ಅನ್ನುವವರಿಗೆ ಇನ್ನೊಂದು ಮಾತು.

2022ರ ಜುಲೈ 8ರಂದು ಜಪಾನಿನ ಮಾಜಿ ಪ್ರಧಾನಿ ಶಿಂಜೊ ಅಬೆ ಸತ್ತದ್ದು ಮನೆಯಲ್ಲೇ ಮಾಡಿದ, ಎರಡು ಪೈಪು ಜೋಡಿಸಿದ ಬಂದೂಕಿನಿಂದ. ಬಂದೂಕು ಕಾನೂನು ಜಗತ್ತಿನಲ್ಲೇ ಅತಿ ಬಿಗಿ ಇರುವ ದೇಶಗಳಲ್ಲಿ ಒಂದರಲ್ಲಿ.

ಅಷ್ಟು ದೂರ ಯಾಕೆ? 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದರು. 2017ರ ಸೆಪ್ಟೆಂಬರ್ 5ರಂದು ನಮ್ಮದೇ ಊರಿನ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶರನ್ನು ಕೊಂದರು. ಎರಡೂ ಕಡೆ ಸಿಕ್ಕಿದ ಗುಂಡು ಮತ್ತು ಖಾಲಿ ತೋಟಾಗಳನ್ನು ಹೋಲಿಸಿ ನೋಡಿದ ವಿಧಿವಿಜ್ಞಾನ ವರದಿ, ಎರಡಕ್ಕೂ ಒಂದೇ 7.65 ಮಿ.ಮೀ. ನಾಡಪಿಸ್ತೂಲು ಬಳಕೆಯಾಗಿದೆ ಅಂತ ಹೇಳಿತು.

ಅದು ಹೇಗೆ ಗೊತ್ತಾಗುತ್ತೆ? ನಳಿಗೆಯಲ್ಲಿ ಹಾದುಹೋಗುವಾಗ ಅದರ ಒಳಮೈಯ ಗೀರು, ತರಚು, ಉಪಕರಣ ಬಿಟ್ಟ ಗುರುತು ಗುಂಡಿನ ಮೈಮೇಲೆ ಮೂಡುತ್ತೆ. ತೋಟಾದ ಬುಡಕ್ಕೆ ಹೊಡೆಯುವ ಪಿನ್ನಿನ ಗುರುತು ಬೇರೆ. ನಾವು ಲೇತ್‌ನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟೂಲಿನ ಮೂತಿ ಒಂದಿಷ್ಟು ಚಿಪ್ ಆಗಿದ್ದರೆ ಜಾಬ್ ಮೇಲೆ ಬೀಳುವ ಗೆರೆ ನೋಡಿಯೇ ಯಾವ ಟೂಲು, ಯಾರ ಕೈ ಅಂತ ಹೇಳುವವರು ನಮ್ಮಲ್ಲಿದ್ದಾರೆ. ಸೂಕ್ಷ್ಮದರ್ಶಕದ ಕೆಳಗೆ ವಿಜ್ಞಾನಿಗಳು ಮಾಡುವುದೂ ಅದೇ ಕೆಲಸ.

ಆ ಪಿಸ್ತೂಲಿನ ನಳಿಗೆಯನ್ನೂ ಎಲ್ಲೋ ಒಬ್ಬ ಕೆಲಸಗಾರ ಮಾಡಿರಬೇಕಲ್ಲ? ಅವನಿಗೆ ಅದು ಮಜೂರಿಯ ಕೆಲಸ. ಯಾರ ಕೈಗೆ ಹೋಗುತ್ತೆ, ಯಾವ ಮನೆಯ ಬಾಗಿಲಲ್ಲಿ ಹಾರುತ್ತೆ ಅಂತ ಅವನು ಕೇಳಿರಲಿಕ್ಕಿಲ್ಲ. ನಾನು ಅವನ ಬಗ್ಗೆ ಬಹಳ ಸಲ ಯೋಚಿಸಿದ್ದೇನೆ.

ನಮ್ಮ ಕಸುಬಿನವರಿಗೆ, ಕೋವಿ ಇರುವವರಿಗೆ

ಲೇತ್, ಮಿಲ್ಲಿಂಗ್, ಸಿಎನ್‌ಸಿ ನಡೆಸುವ ಗೆಳೆಯರಿಗೆ ನಾನು ಹೇಳುವುದು ಇಷ್ಟು. ಗುರುತಿಲ್ಲದ ಗಿರಾಕಿ ದಪ್ಪ ಗೋಡೆಯ, ಉದ್ದನೆಯ ಕೊಳವೆಯ ಜಾಬ್ ತಂದಾಗ ‘ಯಾತಕ್ಕೆ?’ ಅಂತ ಕೇಳಿ. ಕೇಳುವುದು ಅವಮಾನ ಅಲ್ಲ. ಬಿಲ್ಲಿಲ್ಲದೆ, ಹೆಸರಿಲ್ಲದೆ, ಎರಡು ಮೂರು ಪಟ್ಟು ದುಡ್ಡು ಕೊಡುತ್ತೇನೆ ಅಂದರೆ ಅದೇ ಉತ್ತರ. ಡ್ರಾಯಿಂಗ್ ಮತ್ತು ಗಿರಾಕಿಯ ಫೋನ್ ನಂಬರ್ ಇಟ್ಟುಕೊಳ್ಳುವ ಅಭ್ಯಾಸ ಮಾಡಿ. ಕೆಲಸದ ಹುಡುಗರಿಗೆ, ಅದರಲ್ಲೂ ಫೋನಿನಲ್ಲಿ ರೇಟು ಹೇಳುವವರಿಗೆ, ಇದನ್ನು ಒಮ್ಮೆ ಕೂರಿಸಿ ಹೇಳಿ. ಅನುಮಾನ ಬಲವಾಗಿದ್ದರೆ ಠಾಣೆಗೆ ತಿಳಿಸಿ. ಜಾಬ್ ಅರ್ಧ ಮಾಡಿ ಬಿಟ್ಟರೂ ಅದು ‘ಬಿಡಿಭಾಗ’ವೇ ಅನ್ನುವುದು ನೆನಪಿರಲಿ.

ಊರಲ್ಲಿ ಲೈಸೆನ್ಸ್ ಕೋವಿ ಇರುವವರಿಗೆ: ನಳಿಗೆಯಲ್ಲಿ ಉಬ್ಬು, ಹೊಂಡ ಬಿದ್ದ ತುಕ್ಕು, ಬಿರುಕು ಕಂಡರೆ, ಅಥವಾ ಈಡಿನ ಸದ್ದು ಮಾಮೂಲಿಗಿಂತ ಮಂಕಾಗಿ ಕೇಳಿ ಏನೋ ಒಳಗೇ ಉಳಿದ ಹಾಗನ್ನಿಸಿದರೆ, ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಈಡು ಹೊಡೆದು ನೋಡೋಣ ಅನ್ನುವ ಆ ‘ಇನ್ನೊಂದು’ ಇದೆಯಲ್ಲ, ಬೆರಳು ಹೋಗುವುದು ಅದರಲ್ಲೇ. ರಿಪೇರಿಗೆ ಪರವಾನಗಿ ಇರುವವರ ಹತ್ತಿರವೇ ಕೊಡಿ. ನಳಿಗೆ ಬದಲಾಯಿಸುವ ಮಾತು ಬಂದರೆ ಮೊದಲು ಲೈಸೆನ್ಸ್ ಕೊಟ್ಟ ಕಚೇರಿಯ ಅನುಮತಿ ಕೇಳಿ, ಕೋವಿಯ ವಿವರವೆಲ್ಲ ಲೈಸೆನ್ಸಿನಲ್ಲಿ ಬರೆದಿರುತ್ತೆ. ಕೋವಿಯ ನಂಬರನ್ನು ಉಜ್ಜುವುದು, ಅಳಿಸುವುದು ಬೇರೆಯೇ ಅಪರಾಧ, ಕಲಂ 8.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಅನುಕೂಲವೂ ಕಾಯ್ದೆಯಲ್ಲಿದೆ. ಲೈಸೆನ್ಸ್‌ದಾರರು ವಯಸ್ಸಾದವರು, ಓಡಾಡಲಾರರು ಅಂತಿಟ್ಟುಕೊಳ್ಳಿ. ಅವರು ಬರೆದುಕೊಟ್ಟ ಅಧಿಕಾರ ಪತ್ರ ಇಟ್ಟುಕೊಂಡು ಬೇರೊಬ್ಬರು ಕೋವಿಯನ್ನು ರಿಪೇರಿಗೋ ಲೈಸೆನ್ಸ್ ನವೀಕರಣಕ್ಕೋ ಒಯ್ಯಬಹುದು. ಕಲಂ 3ರಲ್ಲೇ ಅದಕ್ಕೆ ಅವಕಾಶ ಇದೆ. ಇದು ಗೊತ್ತಿಲ್ಲದೆಯೇ ಎಷ್ಟೋ ಮನೆಯವರು ‘ಅಜ್ಜನನ್ನ ಹೇಗೆ ಕರ್ಕೊಂಡು ಹೋಗೋದು’ ಅಂತ ಕೈಚೆಲ್ಲಿ ಊರಿನ ಬೆಸುಗೆಯವನ ಹತ್ತಿರ ಹೋಗುವುದು.

ಇನ್ನು ಗುರಿ ಇಡುವ ಹುಚ್ಚಿರುವ ಹುಡುಗ ಹುಡುಗಿಯರಿಗೆ: ಅದು ಕೆಟ್ಟ ಹುಚ್ಚಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲು ಹಿಡಿದೇ 2016ರ ರಿಯೊ ಒಲಿಂಪಿಕ್ಸಿಗೆ ಹೋದವರು. ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ, ನಗರದಲ್ಲಿ ತರಬೇತಿ ಕೊಡುವ ಕ್ಲಬ್ಬುಗಳಿವೆ. 4.5 ಮಿ.ಮೀ. ಬೋರಿನ, 20 ಜೌಲ್ ಮೀರದ ಏರ್ ರೈಫಲಿಗೆ ಲೈಸೆನ್ಸೂ ಬೇಡ. ಹತ್ತು ಮೀಟರ್ ದೂರದ ಕಾಗದದ ಚುಕ್ಕೆಗೆ ಹತ್ತಕ್ಕೆ ಹತ್ತು ಹೊಡೆಯುವುದು ಯಾವ ಗ್ಯಾರೇಜ್ ವಿಡಿಯೊಗಿಂತಲೂ ಕಷ್ಟದ ಕೆಲಸ.

ಸರ್ಕಾರಕ್ಕೂ ಒಂದು ಮಾತು

ಕಾನೂನು ಬಿಗಿ ಇರಲಿ, ನನ್ನ ತಕರಾರಿಲ್ಲ. ಆದರೆ ಸರಿಯಾದ ದಾರಿಯನ್ನು ಇಷ್ಟು ದೂರದಲ್ಲಿಟ್ಟರೆ ಜನ ಅಡ್ಡದಾರಿ ಹಿಡಿಯುತ್ತಾರೆ. ಹಂದಿ, ಮಂಗ, ಕಾಡುಕೋಣದ ಕಾಟಕ್ಕೆ ಕೋವಿ ಇಟ್ಟುಕೊಂಡ ರೈತ ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿಟ್ಟು ಬರಬೇಕು, ನವೀಕರಣಕ್ಕೆ ಅಲೆಯಬೇಕು, ರಿಪೇರಿಗೆ ಜಿಲ್ಲೆ ದಾಟಬೇಕು. ಅವನ ಕೋವಿ ಗಟ್ಟಿಯಿದೆಯೋ ಇಲ್ಲವೋ ಅಂತ ಮಾತ್ರ ಯಾರೂ ನೋಡುವುದಿಲ್ಲ. ನವೀಕರಣಕ್ಕೆ ಅಂತ ಕೋವಿ ತಂದಾಗಲೇ ತಾಲ್ಲೂಕು ಮಟ್ಟದಲ್ಲಿ, ವರ್ಷಕ್ಕೆರಡು ದಿನವಾದರೂ, ಪರಿಣತರಿಂದ ನಳಿಗೆ ತಪಾಸಣೆ ಮಾಡಿಸಿದರೆ ಏನು ಕಷ್ಟ? ಹಾಳಾದದ್ದನ್ನು ಕಾನೂನುಬದ್ಧವಾಗಿ ಒಪ್ಪಿಸಿ ಹೊಸದು ಕೊಳ್ಳುವ ದಾರಿ ಸಲೀಸು ಮಾಡಿದರೆ? ಅಂಥದೊಂದು ಇದ್ದಿದ್ದರೆ ನಮ್ಮ ಚಿಕ್ಕಪ್ಪ ಇವತ್ತಿಗೂ ಎರಡೂ ಕೈಯಲ್ಲಿ ಅಡಿಕೆ ಸುಲಿಯುತ್ತಿದ್ದ. ಪೊಲೀಸ್ ಇಲಾಖೆ ನಮ್ಮಂಥ ವರ್ಕ್‌ಶಾಪ್‌ಗಳಿಗೆ ಒಂದು ಪುಟದ ತಿಳಿವಳಿಕೆ ಪತ್ರವನ್ನಾದರೂ ಕನ್ನಡದಲ್ಲಿ ಕೊಟ್ಟರೆ? ಇಪ್ಪತ್ತು ವರ್ಷದಲ್ಲಿ ನನಗೆ ಯಾರೂ ಕೊಟ್ಟಿಲ್ಲ.

ಆ ಹುಡುಗನನ್ನು ಆ ಸಂಜೆ ಹಾಗೇ ಕಳಿಸಲಿಲ್ಲ. ಟೀ ತರಿಸಿದೆ. ಚಿಕ್ಕಪ್ಪನ ಕಥೆ ಹೇಳಿದೆ. ಅವನು ದುರುಳನಲ್ಲ, ವಿಡಿಯೊ ನೋಡಿ ತಲೆಗೆ ಏರಿಸಿಕೊಂಡವನು. ಡ್ರಾಯಿಂಗನ್ನು ನನ್ನೆದುರೇ ಹರಿದ. ರಾಡನ್ನು ಅಲ್ಲೇ ಬಿಟ್ಟು ಹೋದ. ವಾರ ಕಳೆದ ಮೇಲೆ ನಮ್ಮ ಹುಡುಗ ಅದನ್ನು ಕತ್ತರಿಸಿ, ಪಕ್ಕದ ಅಪಾರ್ಟ್‌ಮೆಂಟಿನ ಗೇಟಿಗೆ ಎರಡು ಬುಶ್ ಮಾಡಿದ. ಈಗ ಫೋನಿನಲ್ಲಿ ರೇಟು ಹೇಳುವ ಮೊದಲು ಅವನೂ ಕೇಳುತ್ತಾನೆ: ‘ಯಾತಕ್ಕೆ ಸಾರ್ ಇದು?’